ನೀರು ಬೆರೆತರೆ ಸೆರೆಮನೆ. ಹಿಂಡಿ ಬೂಷ್ಟು ಹಿಡಿದರೆ ಯಾರು ಹೊಣೆ?

2019ನೇ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಹಾಲಿಗೆ ಸಂಬಂಧಪಟ್ಟ ಎರಡು ಸಂಗತಿಗಳು ದೆಹಲಿಯಲ್ಲಿ ಎರಡು ವಾರಗಳ ಅಂತರದಲ್ಲಿ ನಡೆದವು. ಒಂದು, ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು. ಮತ್ತೊಂದು, ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಹೊರಡಿಸಿದ ವರದಿ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರು ವಿರಳ. ನಾವು ಇಂದು ಅವನ್ನು ವಾಚಕರ ಮುಂದೆ ಒಟ್ಟಿಗೇ ಇಡುತ್ತಿದ್ದೇವೆ. ಏಕೆಂದರೆ ನಮ್ಮ ವಾಚಕರಲ್ಲಿ ಹಾಲು ಕೊಳ್ಳುವ ಗಿರಣಿ ಕಾರ್ಮಿಕರಿದ್ದಾರೆ, ಹಾಲು ಮೊಸರು ಚಹಾ ಮಾರಿ ಬದುಕುವ ಸಣ್ಣ ವ್ಯಾಪಾರಿಗಳೂ ಇದ್ದಾರೆ. ಈ ಇಬ್ಬರೂ ಒಬ್ಬರ ಚೆಂಬನ್ನು ಇನ್ನೊಬ್ಬರು ಅನುಮಾನದಿಂದ ನೋಡುತ್ತಾ ನಿಂತಿರುವಾಗ, ನಿಜವಾಗಿ ನೋಡಬೇಕಾದ ಜಾಗ ಬೇರೆಯೇ ಇದೆಯೆಂದು ನಮ್ಮ ಅಭಿಪ್ರಾಯ.

ತೀರ್ಪಿನ ವಿವರ ಹೀಗಿದೆ. 1995ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದಲ್ಲಿ ಹಾಲು ಮಾರುವವನೊಬ್ಬನಿಂದ ಆಹಾರ ಇನ್‌ಸ್ಪೆಕ್ಟರು ಮಾದರಿ ತೆಗೆದರು. ಪರೀಕ್ಷೆಯಲ್ಲಿ ಜಿಡ್ಡು ನೂರಕ್ಕೆ 4.6 ಬಂತು. ಜಿಡ್ಡಿನ ಹೊರತಾದ ಘನಾಂಶ, ಎಂದರೆ ಡೇರಿಯವರು ಎಸ್.ಎನ್.ಎಫ್. ಎನ್ನುವುದು, 8.5 ಇರಬೇಕಾದ ಕಡೆ 7.7 ಇತ್ತು. ಮೊಕದ್ದಮೆ ನಿಂತದ್ದು ಈ 0.8ರ ಕೊರತೆಯ ಮೇಲೆ. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ಪ್ರಕಾರ ಆರು ತಿಂಗಳ ಸೆರೆವಾಸ. ಕೊರತೆ ಅಲ್ಪವಾದುದೆಂದು ಅವನು ಕೋರ್ಟಿನಿಂದ ಕೋರ್ಟಿಗೆ ಹೋದನು. 24 ವರ್ಷಗಳ ತರುವಾಯ, 2019ರ ಅಕ್ಟೋಬರ್ 4ರಂದು, ಕಾನೂನು ಒಂದು ಮಟ್ಟವನ್ನು ನಿಗದಿ ಮಾಡಿದ ಮೇಲೆ ಕೊರತೆ ಅಲ್ಪವೋ ಅಧಿಕವೋ ಎಂಬ ಪ್ರಶ್ನೆ ಏಳುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕಾಯಿದೆ ಬರೆದಂತೆ ನ್ಯಾಯಾಲಯ ನಡೆಯಿತು. ಅದರ ಬಗ್ಗೆ ನಮ್ಮ ತಕರಾರಿಲ್ಲ.

ಇನ್ನು ವರದಿ. 2018ರಲ್ಲಿ ದೇಶದ 1,103 ಊರುಗಳಿಂದ 6,432 ಹಾಲಿನ ಮಾದರಿಗಳನ್ನು ತೆಗೆದು ಪರೀಕ್ಷಿಸಿದ ಫಲಿತಾಂಶ ಅದು. ಅದರಲ್ಲಿ ಗುಣಮಟ್ಟದ ಅಳತೆಗೆ, ಅಂದರೆ ಮುಖ್ಯವಾಗಿ ಜಿಡ್ಡು ಮತ್ತು ಘನಾಂಶದ ಅಳತೆಗೆ, ನಿಲ್ಲದೆ ಹೋದವು ನೂರಕ್ಕೆ ಸುಮಾರು 41. ಹಾಲು ಮಾರಿದ ಆ ಮನುಷ್ಯನಿಗೆ ಅನ್ವಯಿಸಿದ ಅಳತೆಯನ್ನು ಎಲ್ಲರಿಗೂ ಅನ್ವಯಿಸಿದ್ದರೆ ಸೆರೆಮನೆಗಳು ಸಾಲುತ್ತಿರಲಿಲ್ಲ! ಕುಡಿಯುವವನ ಆರೋಗ್ಯದ ದೃಷ್ಟಿಯಿಂದ ನೋಡಿದಾಗ ನೂರಕ್ಕೆ 93 ಮಾದರಿಗಳು ಅಪಾಯವಿಲ್ಲದವು. ಉಳಿದವುಗಳಲ್ಲಿ ಯೂರಿಯಾ, ಸೋಪಿನ ದ್ರಾವಣ, ಹೈಡ್ರೋಜನ್ ಪೆರಾಕ್ಸೈಡು, ಹುಳಿಮುರಿಯುವ ಕ್ಷಾರ ಇಂಥವನ್ನು ಯಾರೋ ಬೇಕೆಂದು ಬೆರೆಸಿ ಅಪಾಯ ಮಾಡಿದವು ಎಷ್ಟು? ಹನ್ನೆರಡು. ಹನ್ನೆರಡು ನೂರಲ್ಲ, ಹನ್ನೆರಡೇ ಮಾದರಿ. ರೋಗ ಬಂದ ದನಕ್ಕೆ ಕೊಟ್ಟ ಔಷಧಿಯ ಶೇಷ ಮಿತಿ ಮೀರಿದ್ದವು 77. ಆದರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಮಿತಿ ಮೀರಿದ್ದವು 368.

ಈ 368ನ್ನು ಕುರಿತು ನಾವು ಬರೆಯಹೊರಟಿರುವುದು. ಅದಕ್ಕೆ ಮುನ್ನ, ಇಷ್ಟು ದಿನ ಎಲ್ಲರ ಕಣ್ಣೂ ನೀರಿನ ಮೇಲೆಯೇ ಏಕೆ ನೆಟ್ಟಿತ್ತು ಎಂಬುದನ್ನು ತಿಳಿಯಬೇಕಾಗುತ್ತದೆ.

ಹಾಲಿನ ಪರೀಕ್ಷೆ ಹುಟ್ಟಿದ್ದೇ ಬೆಲೆ ಕಟ್ಟುವುದಕ್ಕೆ. ಎಲ್ಲರೂ ಬಲ್ಲ ಲ್ಯಾಕ್ಟೋಮೀಟರನ್ನೇ ತೆಗೆದುಕೊಳ್ಳಿ. ಹಾಲು ನೀರಿಗಿಂತ ತುಸು ಭಾರ. ಒಂದು ಲೀಟರು ನೀರು ಒಂದು ಕಿಲೋ ತೂಗಿದರೆ ಒಂದು ಲೀಟರು ಹಾಲು ಒಂದು ಕಿಲೋ ಮೂವತ್ತು ಗ್ರಾಮಿನ ಆಸುಪಾಸು ತೂಗುತ್ತದೆ. ನೀರು ಬೆರೆತರೆ ತೆಳುವಾಗಿ, ಕೊಳವೆ ಕೆಳಗಿಳಿಯುತ್ತದೆ. ಇಷ್ಟೇ ಅದರ ವಿದ್ಯೆ. ಆದರೆ ಹಾಲಿನೊಳಗಿನ ಕೆನೆ ನೀರಿಗಿಂತ ಹಗುರವಾದದ್ದು. ಕೆನೆ ತೆಗೆದುಬಿಟ್ಟರೆ ಉಳಿದ ಹಾಲು ಇನ್ನಷ್ಟು ಭಾರವಾಗುತ್ತದೆ. ಆಮೇಲೆ ಅದಕ್ಕೆ ಲೆಕ್ಕವಾಗಿ ನೀರು ಹಾಕಿದರೆ ಕೊಳವೆ ಮೊದಲಿನ ಗೆರೆಗೇ ಬಂದು ನಿಲ್ಲುತ್ತದೆ! ಕೆನೆಯನ್ನೂ ಕದ್ದು ನೀರನ್ನೂ ಹಾಕಿದವನು ಪರೀಕ್ಷೆಯಲ್ಲಿ ಪಾಸು. ಬರಿಯ ನೀರು ಹಾಕಿದ ಪೆದ್ದ ಸಿಕ್ಕಿಬೀಳುತ್ತಾನೆ. ಕೊಳವೆಯೊಂದನ್ನೇ ನಂಬಿ ಬೀದಿಯಲ್ಲಿ ಜಗಳಕ್ಕೆ ನಿಲ್ಲುವವರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಈ ತೊಡಕನ್ನು ಬಿಡಿಸಿದವನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಸ್ಟೀಫನ್ ಬ್ಯಾಬ್‌ಕಾಕ್. 1890ರಲ್ಲಿ ಅವನು ಕಂಡುಹಿಡಿದ ಉಪಾಯ ಸರಳವಾದುದು. ಉದ್ದ ಕತ್ತಿನ ಸೀಸೆಯಲ್ಲಿ ಹಾಲು ಹಾಕಿ ಗಂಧಕಾಮ್ಲ ಬೆರೆಸಿದರೆ ಜಿಡ್ಡೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕರಗುತ್ತದೆ. ಸೀಸೆಯನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಜಿಡ್ಡು ಕತ್ತಿಗೆ ಏರಿ ನಿಲ್ಲುತ್ತದೆ. ಕತ್ತಿನ ಮೇಲಿನ ಗೆರೆ ಎಣಿಸಿದರಾಯಿತು. ಅಲ್ಲಿಯವರೆಗೆ ಡೇರಿಗಳು ತೂಕದ ಮೇಲೆ ಹಾಲು ಕೊಳ್ಳುತ್ತಿದ್ದುದರಿಂದ ಗಟ್ಟಿ ಹಾಲು ತಂದ ಪ್ರಾಮಾಣಿಕನಿಗೂ ನೀರು ಹಾಕಿ ತಂದವನಿಗೂ ಒಂದೇ ದುಡ್ಡು ಸಿಗುತ್ತಿತ್ತು. ಬ್ಯಾಬ್‌ಕಾಕನ ಸೀಸೆ ಬಂದ ಮೇಲೆ ಆ ಅನ್ಯಾಯ ನಿಂತಿತು. ಈ ಪರೀಕ್ಷೆಗೆ ಪೇಟೆಂಟು ತೆಗೆದುಕೊಂಡಿದ್ದರೆ ಅವನು ಕುಬೇರನಾಗಬಹುದಾಗಿತ್ತು. ತೆಗೆದುಕೊಳ್ಳಲಿಲ್ಲ, ಯಾರು ಬೇಕಾದರೂ ಬಳಸಿಕೊಳ್ಳಲೆಂದು ಜನರಿಗೆ ಬಿಟ್ಟುಕೊಟ್ಟನು. ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಗರ್ಬರ್ ಎಂಬಾತ ಮಾಡಿದ ಇಂಥದೇ ಪರೀಕ್ಷೆ ನಮ್ಮ ದೇಶದ ಡೇರಿಗಳಲ್ಲಿ ಬಹುವಾಗಿ ಹರಡಿತು. ಇಂದು ನಮ್ಮ ಹಳ್ಳಿಯ ಸಹಕಾರ ಸಂಘದಲ್ಲಿ ಬೆಳಗ್ಗೆ ಸಂಜೆ ಕ್ಯಾನಿನ ಬಳಿ ಯಂತ್ರವೊಂದು ಫ್ಯಾಟು ಇಷ್ಟು, ಡಿಗ್ರಿ ಇಷ್ಟು ಎಂದು ತೋರಿಸುತ್ತದಷ್ಟೆ, ಅದು ಈ ಪರಂಪರೆಯದೇ. ಅದರಿಂದ ರೈತನಿಗೆ ನ್ಯಾಯವಾದ ಬೆಲೆ ಸಿಕ್ಕಿದೆಯೆಂಬುದು ನಿರ್ವಿವಾದ.

ಆದರೆ ಯಾವುದಕ್ಕೆ ದುಡ್ಡು ಕೊಡುತ್ತಾರೋ ಅದನ್ನು ಮಾತ್ರ ಅಳೆಯುವ ಪರೀಕ್ಷೆಗೆ ಒಂದು ದೋಷವುಂಟು. 2008ರಲ್ಲಿ ಚೀನಾದಲ್ಲಿ ನಡೆದದ್ದು ಜಗತ್ತಿಗೆಲ್ಲ ತಿಳಿದಿದೆ. ಅಲ್ಲಿ ಹಾಲಿನ ಪ್ರೋಟೀನನ್ನು ಅದರ ಸಾರಜನಕದ ಲೆಕ್ಕದಿಂದ ಅಳೆಯುತ್ತಿದ್ದರು. ಹಾಲಿಗೆ ನೀರು ಹಾಕಿ, ಸಾರಜನಕ ಹೇರಳವಾಗಿರುವ ಮೆಲಮೈನ್ ಎಂಬ ಪುಡಿಯನ್ನು ಬೆರೆಸಿದರು. ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ವಸ್ತು ಅದು. ಯಂತ್ರ ಭೇಷ್ ಎಂದಿತು. ಸುಮಾರು ಮೂರು ಲಕ್ಷ ಎಳೆಯ ಮಕ್ಕಳು ಕಾಯಿಲೆ ಬಿದ್ದು, ಆರು ಮಕ್ಕಳು ಸತ್ತವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದರಲ್ಲಾ, ಯಂತ್ರ ಒಪ್ಪಿದ್ದೆಲ್ಲವೂ ಹಾಲಲ್ಲವೆಂದು ಈಗ ಸೇರಿಸಿ ಹೇಳಬೇಕಾಗಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕು. ಹಾಲಿಗೆ ನೀರು ಸೇರುವುದೇ ಮಹಾಪಾಪವೆಂಬ ಭಾವನೆ ನಮ್ಮಲ್ಲಿದೆ. ಮುಂಬಯಿಯ ಹಾಲು ಕಮಿಷನರಾಗಿದ್ದ ದಾರಾ ಖುರೋಡಿಯವರು 1946ರಲ್ಲಿ ಮಾಡಿದ್ದೇನು? ನೂರಕ್ಕೆ ಏಳರಷ್ಟು ಜಿಡ್ಡಿರುವ ಎಮ್ಮೆಯ ಹಾಲಿಗೆ ನೀರನ್ನೂ ಕೆನೆ ತೆಗೆದ ಹಾಲಿನ ಪುಡಿಯನ್ನೂ ಲೆಕ್ಕವಾಗಿ ಸೇರಿಸಿದರು. ಒಂದು ಲೀಟರು ಎರಡಾಯಿತು, ಜಿಡ್ಡು ಇಳಿಯಿತು, ಪ್ರೋಟೀನು, ಸುಣ್ಣದ ಸತ್ವಗಳು ಪುಡಿಯಿಂದ ತುಂಬಿಕೊಂಡವು. ಕಡಮೆ ಬೆಲೆಯ ಈ ಹಾಲಿಗೆ ಟೋನ್ಡ್ ಹಾಲೆಂದು ಹೆಸರಾಯಿತು. ಇಂದಿನ ಕಾನೂನಿನಲ್ಲಿ ಟೋನ್ಡ್ ಹಾಲೆಂದರೆ ಜಿಡ್ಡು 3, ಘನಾಂಶ 8.5, ಡಬಲ್ ಟೋನ್ಡ್ ಎಂದರೆ ಜಿಡ್ಡು ಒಂದೂವರೆ, ಘನಾಂಶ 9. ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವುದನ್ನು ಓದಿ ನೋಡಿ. ನೀರು ಸೇರಿದ್ದು ಕಲಬೆರಕೆಯಲ್ಲ. ಸೇರಿದ್ದನ್ನು ಮುಚ್ಚಿಟ್ಟು ಗಟ್ಟಿ ಹಾಲಿನ ಬೆಲೆ ವಸೂಲು ಮಾಡುವುದು ಕಲಬೆರಕೆ. ಖುರೋಡಿಯವರಿಗೆ 1963ರಲ್ಲಿ ತ್ರಿಭುವನದಾಸ ಪಟೇಲ್ ಮತ್ತು ವರ್ಗೀಸ್ ಕುರಿಯನ್ ಅವರೊಡನೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು.

ಜಿಡ್ಡು ಇಳಿದ ಹಾಲಿನಲ್ಲಿ ಮಕ್ಕಳಿಗೆ ಬೇಕಾದ ಸತ್ವ ಉಳಿದಿರುತ್ತದೆಯೇ? ಬಡವರ ಮನೆಯ ಮಟ್ಟಿಗೆ ಇದು ನಿಜವಾದ ಪ್ರಶ್ನೆ. ಕೂನೂರಿನ ಪೋಷಣ ಸಂಶೋಧನಾಲಯದಿಂದ ಆಕ್ರಾಯ್ಡ್ ಮತ್ತು ಕೃಷ್ಣನ್ ಎಂಬ ವಿಜ್ಞಾನಿಗಳು 1937ರಲ್ಲಿ ಉತ್ತರ ಕೊಟ್ಟರು. ದಕ್ಷಿಣ ಭಾರತದ ಮಕ್ಕಳಿಗೆ ದಿನದ ಅನ್ನದೂಟದ ಜೊತೆಗೆ ಕೆನೆ ತೆಗೆದ ಹಾಲನ್ನು ಕೊಟ್ಟಾಗ ಅವರು ಎತ್ತರದಲ್ಲೂ ತೂಕದಲ್ಲೂ ಹಾಲಿಲ್ಲದವರಿಗಿಂತ ಚೆನ್ನಾಗಿ ಬೆಳೆದರು. ಮಗುವನ್ನು ಬೆಳೆಸಿದ್ದು ಕೆನೆಯಲ್ಲ, ಕೆನೆ ತೆಗೆದ ಮೇಲೆ ಉಳಿದದ್ದು. (ತೀರ ಎಳೆಯ ಕೂಸುಗಳ ಮಾತು ಬೇರೆ. ಅವಕ್ಕೆ ತಾಯಿಯ ಹಾಲೇ ಹಾಲು.)

ಇದಕ್ಕೂ ದೊಡ್ಡ ಪ್ರಯೋಗ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರಿನಲ್ಲಿ ನಡೆಯಿತು. ಕಲ್ಲಿದ್ದಲ ಗಣಿ, ಉಕ್ಕಿನ ಕುಲುಮೆಗಳ ಸೀಮೆ ಅದು. 1930ರ ಫೆಬ್ರವರಿಯಿಂದ ಜೂನ್‌ವರೆಗೆ ಅಲ್ಲಿಯ ಶಾಲೆಗಳಲ್ಲಿ ಇಪ್ಪತ್ತು ಸಾವಿರ ಮಕ್ಕಳನ್ನು ಆರಿಸಿಕೊಂಡು, ಐದು ಸಾವಿರ ಮಕ್ಕಳಿಗೆ ಹಸಿ ಹಾಲು, ಐದು ಸಾವಿರ ಮಕ್ಕಳಿಗೆ ಪಾಶ್ಚರೀಕರಿಸಿದ ಹಾಲು, ದಿನಕ್ಕೆ ಮುಕ್ಕಾಲು ಪಿಂಟು, ಎಂದರೆ ನಾಲ್ಕುನೂರು ಮಿಲಿಲೀಟರಿಗೂ ಮೇಲು, ಕೊಟ್ಟರು. ಉಳಿದ ಹತ್ತು ಸಾವಿರ ಮಕ್ಕಳಿಗೆ ಹಾಲಿಲ್ಲ, ಅವರು ಹೋಲಿಕೆಗೆ. ಹಾಲು ಕುಡಿದವರು ಹೆಚ್ಚು ಬೆಳೆದರೆಂದು ವರದಿಯಾಯಿತು. ಮಾರನೆಯ ವರ್ಷ ಒಬ್ಬ ಮನುಷ್ಯ ಅದನ್ನು ಓದಿ ತಲೆಯಲ್ಲಾಡಿಸಿದನು. ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ ಗಾಸೆಟ್ ಅವನು. ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಗಣಿತದ ಲೇಖನಗಳನ್ನು ಬರೆಯುತ್ತಿದ್ದನು. ಆತ ಹಿಡಿದ ತಪ್ಪು ಬಹಳ ಸ್ವಾರಸ್ಯವಾದುದು. ಪ್ರಯೋಗದ ಮೊದಲ ದಿನವೇ ಹಾಲಿಲ್ಲದ ಗುಂಪಿನ ಮಕ್ಕಳು ಹಾಲಿನ ಗುಂಪಿನವರಿಗಿಂತ ದಪ್ಪವಾಗಿಯೂ ಎತ್ತರವಾಗಿಯೂ ಇದ್ದರು. ಹೇಗೆ? ಗುಂಪು ಸಮನಾಗಿ ಬರದಿದ್ದರೆ ಮಕ್ಕಳನ್ನು ಅದಲುಬದಲು ಮಾಡುವ ಸ್ವಾತಂತ್ರ್ಯ ಮೇಷ್ಟರುಗಳಿಗಿತ್ತು. ಬಡಕಲು ಮಗು ಎದುರಿಗೆ ನಿಂತಿರುವಾಗ ಹಾಲಿನ ಬಟ್ಟಲನ್ನು ಯಾವ ಮೇಷ್ಟರು ತಾನೆ ಹೊಟ್ಟೆ ತುಂಬಿದ ಮಗುವಿನ ಕೈಗೆ ಕೊಟ್ಟಾನು? ಇನ್ನೊಂದು ಎಡವಟ್ಟು: ಮಕ್ಕಳನ್ನು ತೂಗಿದ್ದು ಬಟ್ಟೆಯ ಸಮೇತ. ಫೆಬ್ರವರಿಯ ಚಳಿಯಲ್ಲಿ ಅನುಕೂಲಸ್ಥರ ಮಕ್ಕಳು ದಪ್ಪ ಉಡುಪಿನಲ್ಲಿ ತಕ್ಕಡಿ ಹತ್ತಿ, ಜೂನಿನಲ್ಲಿ ತೆಳು ಬಟ್ಟೆಯಲ್ಲಿ ಹತ್ತಿದರು. ಬಡವರ ಮಕ್ಕಳಿಗೆ ಕಳಚಿಡಲು ಅಷ್ಟು ಬಟ್ಟೆಯೇ ಇರಲಿಲ್ಲ.

ಹಸಿ ಹಾಲು, ಕಾಯಿಸಿದ ಹಾಲು ಇವುಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆ ಆ ಪ್ರಯೋಗದಿಂದ ತೀರ್ಮಾನವಾಗದೆಂದು ಗಾಸೆಟ್ ಬರೆದನು. ಐವತ್ತು ಜೊತೆ ಅವಳಿ ಮಕ್ಕಳನ್ನು ಹಿಡಿದು ಮಾಡಿದ್ದರೆ ಅತ್ಯಲ್ಪ ಖರ್ಚಿನಲ್ಲಿ ಇದಕ್ಕಿಂತ ನೆಚ್ಚತಕ್ಕ ಉತ್ತರ ಸಿಗುತ್ತಿತ್ತೆಂಬುದು ಅವನ ಸಲಹೆ. ಆದರೂ ಬಡ ಮಕ್ಕಳಿಗೆ ಹಾಲು ಬೇಕೆಂಬುದು ಇತರ ಪ್ರಯೋಗಗಳಿಂದಲೂ ಗಟ್ಟಿಯಾಗಿ, 1946ರಲ್ಲಿ ಬ್ರಿಟನ್ನಿನ ಶಾಲೆಗಳಲ್ಲಿ ಪ್ರತಿಯೊಂದು ಮಗುವಿಗೂ ದಿನಕ್ಕೆ ಮೂರನೇ ಒಂದು ಪಿಂಟು ಹಾಲು ಪುಕ್ಕಟೆಯಾಗಿ ಬಂದಿತು. ಅದನ್ನು 1968ರಲ್ಲಿ ದೊಡ್ಡ ಶಾಲೆಯ ಮಕ್ಕಳಿಂದಲೂ, 1971ರಲ್ಲಿ ಏಳು ವರ್ಷ ದಾಟಿದ ಮಕ್ಕಳಿಂದಲೂ ಕಿತ್ತುಕೊಂಡರು. ಮೊದಲನೆಯ ಸಲ ಕಿತ್ತುಕೊಂಡದ್ದು ಲೇಬರ್ ಪಕ್ಷದ ಸರ್ಕಾರವೆಂಬುದನ್ನು ಮರೆಯಬಾರದು. ಹೆಸರು ಕೆಟ್ಟದ್ದು ಎರಡನೆಯ ಸಲದ ಮಂತ್ರಿಣಿ ಥ್ಯಾಚರ್ ಅವರದು. ನಮ್ಮ ರಾಜ್ಯದಲ್ಲಿ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಆರಂಭವಾಯಿತು. ಅಂಗನವಾಡಿ ಮತ್ತು ಶಾಲೆಯ ಮಕ್ಕಳಿಗೆ ಹಾಲಿನ ಪುಡಿಯಿಂದ ಕಾಯಿಸಿದ 150 ಮಿಲಿಲೀಟರು ಹಾಲು, ಮೊದಲು ವಾರಕ್ಕೆ ಮೂರು ದಿನ. ನಮ್ಮ ಪಾಳಿ ಕಾರ್ಮಿಕರ ಮನೆಗಳಲ್ಲಿ ಹಾಲೆಂದರೆ ಚಹಾದ ಬಣ್ಣ ತಿರುಗುವಷ್ಟು ಮಾತ್ರ. ಮಗು ಹಾಲನ್ನು ಹಾಲಾಗಿ ಕುಡಿಯುವುದು ಶಾಲೆಯಲ್ಲೇ.

ಹಾಲನ್ನು ಅಮೃತವೆಂದು ಕೊಂಡಾಡುವುದು ನಮ್ಮ ಉದ್ದೇಶವಲ್ಲ. ದಕ್ಷಿಣ ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹಾಲಿನ ಸಕ್ಕರೆ ಪೂರ್ತಿಯಾಗಿ ಅರಗುವುದಿಲ್ಲ. ಹೊಟ್ಟೆಯುಬ್ಬರ, ಗುಡುಗುಡು ಅದರ ಲಕ್ಷಣ. ಮೊಸರಾದಾಗ ಆ ಸಕ್ಕರೆಯಲ್ಲಿ ಒಂದು ಭಾಗವನ್ನು ಹೆಪ್ಪಿನ ಜೀವಾಣುಗಳೇ ತಿಂದು ಮುಗಿಸಿರುವುದರಿಂದ ಮಜ್ಜಿಗೆ ಮೊಸರು ಬಹುಮಂದಿಗೆ ಒಗ್ಗುತ್ತವೆ. ಸುಣ್ಣದ ಸತ್ವವೊಂದನ್ನೇ ನೋಡಿದರೆ ನಮ್ಮ ರಾಗಿಯಲ್ಲಿ ತೂಕಕ್ಕೆ ತೂಕ ಹಾಲಿಗಿಂತ ಹೆಚ್ಚಿದೆ. ಆದರೆ ಮಾಂಸ, ಮೊಟ್ಟೆ ತಿನ್ನದ ಅಥವಾ ಕೊಳ್ಳಲಾರದ ಮನೆಗಳಲ್ಲಿ ಬಿ-12 ಜೀವಸತ್ವ ಸಿಗುವ ದಾರಿ ಬಹುಮಟ್ಟಿಗೆ ಹಾಲೊಂದೇ. ಆದುದರಿಂದ ಯಾವ ಮಗುವಿಗೆ ಈ ಹಾಲು ಅತ್ಯಂತ ಅವಶ್ಯವೋ ಆ ಮಗುವಿನ ಹಾಲೇ ಅತ್ಯಂತ ಶುದ್ಧವಾಗಿರಬೇಕು. ಇಲ್ಲಿಗೆ ಬೂಷ್ಟಿನ ವಿಷಯ ಬಂದಿತು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತುಬಿದ್ದವು. ಏನು ರೋಗವೆಂದು ತಿಳಿಯದೆ ಅದಕ್ಕೆ ‘ಎಕ್ಸ್ ರೋಗ’ವೆಂದೇ ಹೆಸರಿಟ್ಟರು. ಹುಡುಕಿದಾಗ ಅವುಗಳ ಮೇವಿನಲ್ಲಿದ್ದ, ಬ್ರೆಜಿಲ್ ದೇಶದಿಂದ ಬಂದ ಶೇಂಗಾ ಹಿಂಡಿಯಲ್ಲಿ ವಿಷ ಸಿಕ್ಕಿತು. ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬಿಡುವ ವಿಷವದು. ಆ ಹೆಸರಿನಿಂದಲೇ ಅಫ್ಲಾಟಾಕ್ಸಿನ್ ಎಂಬ ಪದವನ್ನು ಕಟ್ಟಿದರು. ಶೇಂಗಾ, ಹತ್ತಿಕಾಳು, ಮೆಕ್ಕೆಜೋಳ ಇವು ತೇವದಲ್ಲಿ ಬಿದ್ದು ಬಿಸಿಯಾದರೆ ಆ ಬೂಷ್ಟು ಹಬ್ಬುತ್ತದೆ. 1974ರಲ್ಲಿ ಗುಜರಾತು ಮತ್ತು ರಾಜಸ್ಥಾನದ ಆದಿವಾಸಿ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಮೇಲ್ಪಟ್ಟು ಜನ ಪಿತ್ತಕೋಶ ಕೆಟ್ಟು ಸತ್ತರು. ನಾಯಿಗಳೂ ಸತ್ತವು. ಬಹಳ ಕಾಲ ಸ್ವಲ್ಪಸ್ವಲ್ಪವೇ ಹೊಟ್ಟೆಗೆ ಹೋದರೆ ಪಿತ್ತಕೋಶದ ಕ್ಯಾನ್ಸರು ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮೊದಲನೆಯ ಪಟ್ಟಿಯಲ್ಲಿ ಸೇರಿಸಿದೆ.

ದನ ಆ ಹಿಂಡಿ ತಿಂದರೆ ವಿಷದಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು, ಹೆಚ್ಚು ಕರೆಯುವ ಹಸುಗಳಲ್ಲಿ ಆರರವರೆಗೂ, ರೂಪ ಬದಲಿಸಿಕೊಂಡು ಹಾಲಿಗೆ ಇಳಿಯುತ್ತದೆ. ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಲಿನ ಬಣ್ಣ ಕೆಡುವುದಿಲ್ಲ, ವಾಸನೆ ಇಲ್ಲ, ಹಾಲು ಒಡೆಯುವುದೂ ಇಲ್ಲ. ಫ್ಯಾಟು ಸರಿಯಾಗಿರುತ್ತದೆ, ಡಿಗ್ರಿ ಸರಿಯಾಗಿರುತ್ತದೆ. ಮೂರು ಸಲ ಉಕ್ಕಿಸಿದರೂ ವಿಷ ಸಾಯುವುದಿಲ್ಲ. ಪಾಶ್ಚರೀಕರಣದ ಶಾಖ ಕ್ಷಯದ ಕ್ರಿಮಿಯನ್ನು ಕೊಲ್ಲುತ್ತದೆ, ಇದನ್ನು ಮುಟ್ಟುವುದಿಲ್ಲ. ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವ ಗುಣವಿರುವುದರಿಂದ ಪನೀರಿನಲ್ಲೂ ಸೇರಿರುತ್ತದೆ. ಸೋಪಿನ ನೊರೆಯನ್ನು ಮನೆಯಲ್ಲಿ ಅಲ್ಲಾಡಿಸಿ ಕಂಡುಹಿಡಿಯಬಹುದು; ಗಂಜಿ ಬೆರೆತಿದ್ದರೆ ಟಿಂಚರ್ ಅಯೋಡಿನ್ನಿನ ಎರಡು ತೊಟ್ಟು ಹಾಕಿದಾಗ ನೀಲಿಯಾಗುತ್ತದೆ. ಇದನ್ನು ಮಾತ್ರ ಮನೆಯೊಡತಿಯಾಗಲಿ, ಚಹಾ ಅಂಗಡಿಯವನಾಗಲಿ, ಹಾಲು ಕರೆದ ರೈತನೇ ಆಗಲಿ ಕಂಡುಹಿಡಿಯುವಂತಿಲ್ಲ. ಪ್ರಯೋಗಶಾಲೆಯೇ ಬೇಕು.

ಒಂದು ಕಿಲೋ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ಇಪ್ಪತ್ತು ಲಕ್ಷದಲ್ಲೊಂದು ಪಾಲು, ನಮ್ಮ ದೇಶ ಹಾಕಿರುವ ಮಿತಿ. ಐರೋಪ್ಯ ಒಕ್ಕೂಟದವರು ತಮ್ಮ ಜನಕ್ಕೆ ಹಾಕಿಕೊಂಡಿರುವ ಮಿತಿ ಇದರ ಹತ್ತನೆಯ ಒಂದು. 368 ಮಾದರಿಗಳು ಸೋತದ್ದು ನಮ್ಮ ಸಡಿಲವಾದ ಗೆರೆಯನ್ನು ದಾಟಿ. ಇನ್ನೂ ಒಂದು ಮಾತು ವರದಿಯಲ್ಲಿದೆ. ಅದನ್ನು ಸಣ್ಣ ವ್ಯಾಪಾರಿಗಳು ಗಟ್ಟಿಯಾಗಿ ಓದಿಕೊಳ್ಳಬೇಕು. ಪರೀಕ್ಷೆಯಾದ ಮಾದರಿಗಳಲ್ಲಿ 3,825 ಬಿಡಿ ಹಾಲು, 2,607 ಸಂಸ್ಕರಿಸಿದ ಹಾಲು. ಬೂಷ್ಟಿನ ವಿಷ, ಔಷಧಿ ಶೇಷ ಮುಂತಾದ ಅಪಾಯಗಳು ಮಿತಿ ಮೀರಿದ್ದು ಬಿಡಿ ಹಾಲಿನಲ್ಲಿ ನೂರಕ್ಕೆ 4.8 ಆದರೆ, ಸಂಸ್ಕರಿಸಿದ ಹಾಲಿನಲ್ಲಿ 10.4! ಕ್ಯಾನಿನಲ್ಲಿ ಹಾಲು ಹೊತ್ತು ತರುವವನು ಕಳ್ಳ, ಪ್ಯಾಕೆಟ್ಟಿನಲ್ಲಿ ಬಂದದ್ದು ಪವಿತ್ರ ಎಂಬ ನಂಬಿಕೆಗೆ ಅಂಕಿಗಳ ಬೆಂಬಲವಿಲ್ಲ.

ಹಾಗಾದರೆ ಹಸು ಸಾಕಿದ ರೈತನನ್ನು ಹಿಡಿಯೋಣವೇ? ಅದೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆಯೇ. ರೈತ ಮೂಟೆಯ ಬಾಯಿ ಬಿಚ್ಚಿದಾಗ ಹಿಂಡಿ ಹಿಂಡಿಯಂತೆಯೇ ಕಾಣುತ್ತದೆ. ಪುಡಿಮಾಡಿ ಬೆರೆಸಿ ಗುಳಿಗೆ ಮಾಡಿದ ಪಶು ಆಹಾರದಲ್ಲಂತೂ ಒಳಗೆ ಏನು ಹೋಗಿದೆಯೆಂದು ಬ್ರಹ್ಮನಿಗೂ ತಿಳಿಯದು. ತಿಳಿದಿರುವವರು ಬೇರೆ ಇದ್ದಾರೆ. ಎಣ್ಣೆಗಿರಣಿಗಳಲ್ಲಿ, ಜಿನ್ನಿಂಗ್ ಕಾರ್ಖಾನೆಗಳಲ್ಲಿ, ಮಂಡಿಯ ಗೋದಾಮುಗಳಲ್ಲಿ ಮೂಟೆ ಹೊರುವ ನಮ್ಮ ವಾಚಕರಿಗೆ ತಗಡಿನ ಸೂರು ಎಲ್ಲಿ ಸೋರುತ್ತದೆ, ಯಾವ ಅಟ್ಟಿಯ ಕೆಳಸಾಲಿನ ಚೀಲ ಬಿಸಿಯಾಗಿ ಹೊಗೆಯಾಡುತ್ತದೆ, ನೆನೆದ ಮಾಲು ಒಣಮಾಲಿನೊಡನೆ ಯಾವ ರಾತ್ರಿ ಬೆರೆಯುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮನುಷ್ಯರಿಗೆ ಮಾರಲು ಯೋಗ್ಯವಲ್ಲವೆಂದು ಬದಿಗೆ ತೆಗೆದದ್ದು ದನಕ್ಕೆ ಹೋದೀತೆಂದು ನಾವೆಲ್ಲರೂ ಸಹಜವಾಗಿ ಅಂದುಕೊಂಡಿದ್ದೇವೆ. ಅದು ದನದ ಹೊಟ್ಟೆಯಲ್ಲೇ ಉಳಿಯುವುದಿಲ್ಲ. ನಾಳೆ ಬೆಳಗ್ಗೆ ನಮ್ಮ ಮಗುವಿನ ಲೋಟಕ್ಕೆ ಬರುತ್ತದೆ.

ಸಮಾಧಾನದ ಸಂಗತಿಯೆಂದರೆ, ಕೆಟ್ಟ ಹಿಂಡಿಯನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಅಂದರೆ ರೋಗದ ಬೇರು ಸಿಕ್ಕಿದೆ, ಮದ್ದೂ ಗೊತ್ತಿದೆ. ಒಂದು ಕಾರ್ಖಾನೆಯ ಒಂದು ದಿನದ ಪಶು ಆಹಾರ ನೂರಾರು ದನಗಳ ಬಾಯಿಗೆ ಹೋಗುತ್ತದೆ. ಸಾವಿರ ಪ್ಯಾಕೆಟ್ ಹಾಲನ್ನು ಹರಿದು ಪರೀಕ್ಷಿಸುವುದಕ್ಕಿಂತ ಕಾರ್ಖಾನೆಯ ಬಾಗಿಲಲ್ಲಿ ಹತ್ತು ಮೂಟೆ ಹಿಂಡಿಯನ್ನು ಪರೀಕ್ಷಿಸುವುದು ಅಗ್ಗ. ಪಶು ಆಹಾರಕ್ಕೆ ಭಾರತೀಯ ಮಾನಕ ಸಂಸ್ಥೆ ಎಂದೋ ಮಟ್ಟವನ್ನು ಬರೆದಿಟ್ಟಿದೆ. ಹಾಲು ಮಾರುವವನಿಗೆ 0.8ರ ಕೊರತೆಯನ್ನು ಕ್ಷಮಿಸದ ಕಾನೂನು ಹಿಂಡಿ ಮಾರುವವನಿಗೂ ಅಷ್ಟೇ ಬಿಗಿಯಾಗಲಿ ಎಂದು ಕೇಳುವುದು ಅತಿಯಾಸೆಯೇ?

ಗುಣಮಟ್ಟದ ಮಾತನ್ನು ಈಚೆಗೆ ಬೇರೆ ರೀತಿಯಲ್ಲೂ ಮಾರಲಾಗುತ್ತಿದೆ. ‘ಎ-2 ಹಾಲು’ ಎಂದು ಸೀಸೆಯ ಮೇಲೆ ಅಚ್ಚು ಹಾಕಿ ಎರಡರಷ್ಟು, ಮೂರರಷ್ಟು ಬೆಲೆ ಕೇಳುವವರಿದ್ದಾರೆ. ಹಾಲಿನ ಪ್ರೋಟೀನಿನಲ್ಲಿ ಎ-1, ಎ-2 ಎಂಬ ಸಣ್ಣ ಭೇದವಿರುವುದು ನಿಜ. ಎ-1ರಿಂದ ರೋಗ ಬರುತ್ತದೆಂಬ ವಾದವನ್ನು ಐರೋಪ್ಯ ಆಹಾರ ಸುರಕ್ಷತಾ ಸಂಸ್ಥೆ 2009ರಲ್ಲಿ ಪರಿಶೀಲಿಸಿ, ಕಾರಣ ಕಾರ್ಯ ಸಂಬಂಧ ಸಿದ್ಧವಾಗಿಲ್ಲವೆಂದಿತು. ನಮ್ಮ ಪ್ರಾಧಿಕಾರ 2024ರ ಆಗಸ್ಟ್ 21ರಂದು ಈ ಹೆಸರಿನ ಪ್ರಚಾರವನ್ನು ತೆಗೆಯಿರೆಂದು ಆಜ್ಞೆ ಹೊರಡಿಸಿ, ಐದೇ ದಿನದಲ್ಲಿ ಆಜ್ಞೆಯನ್ನೇ ಹಿಂದೆಗೆದುಕೊಂಡಿತು! ತಮಾಷೆಯೆಂದರೆ ನಮ್ಮ ನಾಡತಳಿಯ ಹಸುಗಳಲ್ಲಿಯೂ ಎಮ್ಮೆಗಳಲ್ಲಿಯೂ ಇರುವುದು ಬಹುತೇಕ ಎ-2 ಜಾತಿಯೇ ಎಂದು ಕರ್ನಾಲಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನಮ್ಮ ಕೇರಿಯ ಎಮ್ಮೆಗೆ ಆ ಬಿರುದು ಹುಟ್ಟಿನಿಂದಲೇ ಬಂದಿದೆ. ಅದರ ಒಡೆಯನಿಗೆ ಬೆಲೆ ಮಾತ್ರ ಬಂದಿಲ್ಲ. ಅದೇ ಎ-2 ಎಮ್ಮೆ ಬೂಷ್ಟು ಹಿಡಿದ ಹಿಂಡಿ ತಿಂದರೆ ಸೀಸೆಯ ಬಿರುದು ಯಾರನ್ನೂ ಕಾಯುವುದಿಲ್ಲ.

ಈ ಕೆಲಸಕ್ಕೆ ವಿದ್ಯೆಯ ಕೊರತೆಯೂ ಇಲ್ಲ. ಡೇರಿ ವಿಜ್ಞಾನಕ್ಕೆ ಈ ದೇಶದಲ್ಲಿ ತಳಹದಿ ಹಾಕಿದ್ದೇ ನಮ್ಮ ಬೆಂಗಳೂರಿನಲ್ಲಿ, 1923ರಲ್ಲಿ. ಹಸುವಿನ ಹಾಲನ್ನು ಬಿಟ್ಟಿದ್ದ ಗಾಂಧಿಯವರು 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಬೆಂಗಳೂರಿನಲ್ಲಿದ್ದಾಗ ಅಲ್ಲಿಗೆ ಹೋಗಿ ಗೋಪಾಲನೆಯ ಪಾಠ ಕಲಿತರು. ಮುಖ್ಯ ಕೇಂದ್ರ 1955ರಲ್ಲಿ ಕರ್ನಾಲಿಗೆ ಹೋದರೂ ಆಡುಗೋಡಿಯ ಶಾಖೆ ಉಳಿಯಿತು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವಂತೂ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ಕ್ರಮವನ್ನು ಹಾಕಿಕೊಟ್ಟು ಜಗತ್ತನ್ನೇ ಬೆರಗುಗೊಳಿಸಿತು. ಅಮೂಲ್‌ನವರು ಅದನ್ನು ಬಳಸಿಕೊಂಡರು. ಇಷ್ಟೆಲ್ಲ ಇದ್ದೂ, ಜಿಲ್ಲೆಯ ಊರಿನಲ್ಲಿ ಕುಳಿತ ಗೃಹಿಣಿಗೆ ತನ್ನ ಹಾಲನ್ನು ಎಲ್ಲಿಗೆ ಒಯ್ಯಬೇಕೆಂಬುದು ತಿಳಿದಿಲ್ಲ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 40ನೆಯ ಕಲಮನ್ನು ವಾಚಕರು ಬರೆದಿಟ್ಟುಕೊಳ್ಳಲಿ. ತಾನು ಕೊಂಡ ಆಹಾರವನ್ನು ನಿಗದಿಯಾದ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯುವ ಹಕ್ಕು ಪ್ರತಿಯೊಬ್ಬ ಕೊಳ್ಳುವವನಿಗೂ ಇದೆ. ದೋಷ ಸಾಬೀತಾದರೆ ಶುಲ್ಕ ವಾಪಸು ಬರುತ್ತದೆ. ಕೊಳ್ಳುವವನಿಗೂ ವ್ಯಾಪಾರಿಗೂ ಇದರಿಂದ ಸಮನಾದ ಲಾಭ. ತನ್ನ ಮೊಸರಿನ ಮೇಲೆ ಅಪವಾದ ಬಂದಾಗ ಸಣ್ಣ ಅಂಗಡಿಯವನು ತಾನು ಕೊಂಡ ಹಾಲನ್ನು ಪರೀಕ್ಷೆಗೆ ಕಳುಹಿಸಿ ತಪ್ಪು ಎಲ್ಲಿ ಶುರುವಾಯಿತೆಂದು ತೋರಿಸಬಹುದು. ಆದರೆ ಹಕ್ಕು ಕಾಗದದ ಮೇಲಿದ್ದು ಪ್ರಯೋಗಶಾಲೆ ಒಂದು ದಿನದ ಕೂಲಿ ಕಳೆದುಕೊಳ್ಳುವಷ್ಟು ದೂರದಲ್ಲಿದ್ದರೆ ಫಲವಿಲ್ಲ. ಪ್ರತಿ ಜಿಲ್ಲಾ ಕೇಂದ್ರದಲ್ಲಿಯೂ ಬೂಷ್ಟಿನ ವಿಷವನ್ನು ಅಳೆಯಬಲ್ಲ ಸರ್ಕಾರಿ ಪ್ರಯೋಗಶಾಲೆ ಇರಬೇಕೆಂದೂ, ಪಶು ಆಹಾರದ ಪ್ರತಿ ತಂಡದ ಫಲಿತಾಂಶವನ್ನು ಹಾಲಿನ ಸಂಘದ ಬಾಗಿಲಲ್ಲಿ ಫ್ಯಾಟು ಡಿಗ್ರಿಯ ಬೋರ್ಡಿನ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ಹಾಕಬೇಕೆಂದೂ, ಶಾಲೆಗೆ ಹೋಗುವ ಹಾಲಿನ ಪುಡಿಯ ವರದಿಯನ್ನು ಮುಖ್ಯೋಪಾಧ್ಯಾಯರಿಗೆ ಕಳುಹಿಸಬೇಕೆಂದೂ ನಾವು ಒತ್ತಾಯಪಡಿಸುತ್ತೇವೆ.

ಕಳೆದ ಒಂದು ವರ್ಷದಲ್ಲಿ ಈ ಜಿಲ್ಲೆಯಲ್ಲಿ ಹಾಲಿನ ಎಷ್ಟು ಮಾದರಿ ತೆಗೆದಿರಿ, ಅವುಗಳಲ್ಲಿ ಎಷ್ಟಕ್ಕೆ ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡಿಸಿದಿರಿ, ಹಿಂಡಿ ಮತ್ತು ಪಶು ಆಹಾರದ ಎಷ್ಟು ಮೂಟೆ ತೆರೆದು ನೋಡಿದಿರಿ, ದಂಡ ಬಿದ್ದವರಲ್ಲಿ ತಳ್ಳುಗಾಡಿಯವರೆಷ್ಟು ಕಾರ್ಖಾನೆಯವರೆಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಈ ವಾರ ಅಧಿಕಾರಿಗಳಿಗೆ ಕಳುಹಿಸುತ್ತಿದ್ದೇವೆ. ಉತ್ತರ ಕೊಡಲು ಕಾನೂನು ಮೂವತ್ತು ದಿನಗಳ ಗಡುವು ಹಾಕಿದೆ. ಬಂದದ್ದನ್ನು ಬಂದ ಹಾಗೆಯೇ ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ. ಬಾರದಿದ್ದರೆ ಆ ಜಾಗವನ್ನು ಖಾಲಿ ಬಿಡುತ್ತೇವೆ.